ಗೊರಕೆಯ ಗುಟ್ಟು ಹಲ್ಲಿನ ಡಾಕ್ಟರಿಗೆ ಗೊತ್ತಾಯಿತು

ನಿಮ್ಮ ಮನೆಯಲ್ಲೂ ಗೊರಕೆ ಹೊಡೆಯುವವರು ಒಬ್ಬರಾದರೂ ಇರಬಹುದು. ಗಂಡಸಾದರೆ ಅದು ತಮಾಷೆಯ ವಿಷಯ. "ನಿನ್ನೆ ರಾತ್ರಿಯಿಡೀ ಆಲೆಮನೆಯ ಗಾಣ ತಿರುಗುತ್ತಿತ್ತು" ಎಂದು ಮಕ್ಕಳು ನಗುತ್ತಾರೆ. ಅವರೂ ನಗುತ್ತಾರೆ. ಅಲ್ಲಿಗೆ ಮುಗಿಯಿತು. ಹೆಂಗಸಾದರೆ? ಅವಳು ಅದನ್ನು ಬಚ್ಚಿಡುತ್ತಾಳೆ.

ನಮ್ಮ ತವರು ಪಾಂಡವಪುರ. ನಾನಿರುವುದು ಶ್ರೀರಂಗಪಟ್ಟಣದಲ್ಲಿ. ಆಪಾಳನ್ನು ಕೊಟ್ಟಿರುವುದು ಕೆ.ಆರ್. ಪೇಟೆಗೆ. ಅಮ್ಮಿಯ ತಂಗಿ, ಅಂದರೆ ನಮ್ಮ ಖಾಲಾ, ನಾಗಮಂಗಲದವರು. ಹೀಗೆ ನಾಲ್ಕು ತಾಲೂಕುಗಳಲ್ಲಿ ಹರಡಿಕೊಂಡ ನಾವು ಒಟ್ಟು ಸೇರುವುದು ಮದುವೆ, ಅಕೀಕಾಗಳಲ್ಲಿ. ರಾತ್ರಿ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಹೆಂಗಸರೆಲ್ಲ ಸಾಲಾಗಿ ಮಲಗಿ ಹರಟುವ ಸಂತೋಷ ನಿಮಗೂ ಗೊತ್ತಿರುವುದೇ. ಖಾಲಾ ಮಾತ್ರ ಊಟವಾದ ಕೂಡಲೇ ಬುರ್ಖಾ ಹಾಕಿಕೊಂಡು ಕೊನೆಯ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅವರಿಗೆ ಜಂಬ ಎಂದು ಕೆಲವರು ಆಡಿಕೊಂಡದ್ದೂ ಉಂಟು. ನಿಜವಾದ ಕಾರಣ ಬೇರೆ. ಹಿಂದೊಮ್ಮೆ ಬಂಧುಗಳ ಮನೆಯಲ್ಲಿ ಹುಡುಗಿಯರು ಅವರ ಗೊರಕೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬೆಳಿಗ್ಗೆ ಎಲ್ಲರೆದುರು ಕೇಳಿಸಿದ್ದರಂತೆ. ಅಂದಿನಿಂದ ಅವರು ಬೇರೆಯವರ ಮನೆಯಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ.

ಈ ಗುಟ್ಟು ಹೊರಬಿದ್ದದ್ದು ಹಲ್ಲಿನ ನೆಪದಲ್ಲಿ. ತುಂಬಿಸಿದ ಹಲ್ಲು ಎರಡು ಸಲ ಉದುರಿತೆಂದು ಖಾಲಾ ನಮ್ಮೂರಿನ ಹಲ್ಲಿನ ಡಾಕ್ಟರಲ್ಲಿಗೆ ಬಂದರು. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರಮ್ಮ ಕೆಟ್ಟ ಹಲ್ಲನ್ನು ನೋಡಿ ಸುಮ್ಮನಾಗಲಿಲ್ಲ. ನಾಲಿಗೆ ಚಾಚಲು ಹೇಳಿ ಅದರ ಅಂಚಿನಲ್ಲಿದ್ದ ಹಲ್ಲಿನ ಗುರುತುಗಳನ್ನು ನೋಡಿದರು. ಗಂಟಲಿಗೆ ಬೆಳಕು ಬಿಟ್ಟರು. ದವಡೆ ಹಲ್ಲುಗಳು ಸವೆದಿದ್ದವು, ಒಸಡಿನ ಬುಡದಲ್ಲಿ ಹುಳುಕಿತ್ತು. ಬಳಿಕ ಮೆಲ್ಲನೆ ಕೇಳಿದರು: "ಬೆಳಿಗ್ಗೆ ಎದ್ದಾಗ ಬಾಯಿ ಒಣಗಿರುತ್ತದೆಯೇ? ತಲೆ ಭಾರವಿರುತ್ತದೆಯೇ? ರಾತ್ರಿ ಗೊರಕೆ ಬರುತ್ತದೆಯೇ?"

ಖಾಲಾರ ಮುಖ ಕೆಂಪಾಯಿತು. "ಹಲ್ಲು ತೋರಿಸಲು ಬಂದರೆ ಇದೆಲ್ಲ ಯಾಕೆ ಕೇಳ್ತೀರಿ?" ಎಂದು ಸಿಡುಕಿದರು. ಡಾಕ್ಟರಮ್ಮ ಬೇಸರಿಸಿಕೊಳ್ಳದೆ ವಿವರಿಸಿದರು. ರಾತ್ರಿಯಿಡೀ ಬಾಯಿ ತೆರೆದು ಉಸಿರಾಡಿದರೆ ಎಂಜಲು ಆರುತ್ತದೆ. ಹಲ್ಲಿನ ಕಾವಲಿಗಿರುವುದೇ ಎಂಜಲು. ಅದು ಕಡಿಮೆಯಾದರೆ ಹುಳುಕಿಗೆ ದಾರಿ. ಇವು ಬರೀ ಸೂಚನೆಗಳು, ರೋಗ ಇದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ನಿದ್ದೆಯ ಪರೀಕ್ಷೆ ಮತ್ತು ಅದನ್ನು ಓದಬಲ್ಲ ವೈದ್ಯರು ಎಂದೂ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಸ್ಲೀಪ್ ಅಪ್ನಿಯಾ ಎಂಬ ಹೆಸರು ನೀವು ಕೇಳಿರಬಹುದು. ಗಾಯಕ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣ ಇದೇ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತದೆ. ಹತ್ತು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಬೆಚ್ಚಿ ಎಬ್ಬಿಸುತ್ತದೆ. ಮಲಗಿದವರಿಗೆ ಅದರ ನೆನಪೂ ಇರುವುದಿಲ್ಲ. ಗಂಟೆಗೆ ಐದಕ್ಕಿಂತ ಕಡಿಮೆ ಸಲವಾದರೆ ಚಿಂತೆಯಿಲ್ಲ. ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ಚಿಕಿತ್ಸೆ ಮಾಡದಿದ್ದರೆ ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ತೊಂದರೆ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚಾಗುತ್ತದೆ. ಆದರೆ ನಾವು ಹೇಳಿಕೊಳ್ಳುವುದೇ ಬೇರೆ: ಸುಸ್ತು, ತಲೆನೋವು, ನಿದ್ದೆ ಬರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ. "ವಯಸ್ಸಾಯಿತಲ್ಲ" ಎಂಬ ಸಮಾಧಾನದೊಂದಿಗೆ ಬಿ.ಪಿ. ಮಾತ್ರೆ ಸಿಗುತ್ತದೆ. ಖಾಲಾರ ಬಿ.ಪಿ. ಮಾತ್ರೆಯನ್ನು ಎರಡು ಸಲ ಹೆಚ್ಚಿಸಲಾಗಿತ್ತು. ಆದರೂ ಹಿಡಿತಕ್ಕೆ ಬಂದಿರಲಿಲ್ಲ. ನಿದ್ದೆ ಹೇಗಿದೆ ಎಂದು ಮೊದಲು ಕೇಳಿದವರು ಹಲ್ಲಿನ ಡಾಕ್ಟರ್!

ಮೈಸೂರಿನಲ್ಲಿ ಒಂದು ರಾತ್ರಿ ಪರೀಕ್ಷೆಯಾಯಿತು. ತಲೆಗೆ ತಂತಿ, ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್. ಹೆಂಗಸರ ಕೋಣೆಯೇ ಬೇಕು, ನಾನು ಜೊತೆಯಲ್ಲಿರಬೇಕು ಎಂದು ಖಾಲಾ ಹಟ ಹಿಡಿದರು, ಒಪ್ಪಿದರು. ಗಂಟೆಗೆ 38 ಸಲ ಉಸಿರಿಗೆ ಅಡ್ಡಿ ಎಂದು ಫಲಿತಾಂಶ ಬಂತು. ಅದನ್ನು ಕೇಳಿ ಖಾಲಾ ಹೇಳಿದ್ದು ಒಂದೇ ಮಾತು: "ಹಾಗಾದರೆ ಇದು ಕಾಯಿಲೆ."

ಆ ಮಾತಿನಲ್ಲಿದ್ದ ನೆಮ್ಮದಿಯನ್ನು ನಾನು ಹೇಗೆ ಬರೆಯಲಿ?

ತೀವ್ರವಾದವರಿಗೆ ಮೊದಲ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲ್ಲಿವನ್ 1981ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನವಿದು. ಮುಖವಾಡದ ಮೂಲಕ ಗಾಳಿಯನ್ನು ಹದವಾದ ಒತ್ತಡದಲ್ಲಿ ಕಳಿಸಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಅದನ್ನು ಕಂಡರೆ ಖಾಲಾರಿಗೆ ಆಗುವುದಿಲ್ಲ. ಕರೆಂಟ್ ಹೋದರೆ ಯಂತ್ರ ನಿಲ್ಲುತ್ತದೆ, ಅದಕ್ಕೊಂದು ಯು.ಪಿ.ಎಸ್. ಬೇಕು. ಮುಖವಾಡವನ್ನು ದಿನಾ ಒರೆಸಿ ತೊಳೆಯಬೇಕು. "ಬಾಯಿಗೆ ಹಾಕಿಕೊಳ್ಳುವ ಪ್ಲೇಟ್ ಇದೆಯಂತಲ್ಲ, ಅದನ್ನೇ ಕೊಡಿ" ಎಂದು ಡಾಕ್ಟರಮ್ಮನನ್ನು ಕೇಳಿದರು.

ಹಾಗೊಂದು ಸಾಧನ ಇದೆ ನಿಜ. ಹಲ್ಲಿನ ಅಚ್ಚು ತೆಗೆದು ಮಾಡುವ ಎರಡು ಪ್ಲೇಟುಗಳು ಮೇಲಿನ, ಕೆಳಗಿನ ಹಲ್ಲುಗಳ ಮೇಲೆ ಕೂರುತ್ತವೆ. ಕೆಳದವಡೆಯನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತವೆ. ದವಡೆಯೊಂದಿಗೆ ನಾಲಿಗೆಯೂ ಮುಂದೆ ಬಂದು ದಾರಿ ತೆರೆಯುತ್ತದೆ. ಆದರೆ ಇದು ಹೆಚ್ಚಾಗಿ ಸೌಮ್ಯ, ಮಧ್ಯಮ ತೊಂದರೆಯವರಿಗೆ. ಯಂತ್ರ ಒಗ್ಗದ ತೀವ್ರ ತೊಂದರೆಯವರಿಗೂ ಕೆಲವೊಮ್ಮೆ ಕೊಡುವುದುಂಟು. ಅದಕ್ಕೆ ಹಿಡಿದುಕೊಳ್ಳಲು ಗಟ್ಟಿ ಹಲ್ಲು, ಆರೋಗ್ಯದ ಒಸಡು ಬೇಕು. ಖಾಲಾರ ಕೆಳದವಡೆಯಲ್ಲಿ ಉಳಿದಿದ್ದವು ಏಳು ಹಲ್ಲು, ಅದರಲ್ಲೂ ಎರಡು ಅಲ್ಲಾಡುತ್ತಿದ್ದವು. "ಹಿಡಿಯಲು ಗೂಟವೇ ಇಲ್ಲವಲ್ಲ, ಖಾಲಾ" ಎಂದರು ಡಾಕ್ಟರಮ್ಮ.

ನಮ್ಮ ಕಡೆ ಹೆಂಗಸರು ಹಲ್ಲಿಗೆ ಏನು ಮಾಡುತ್ತೇವೆ ನೋಡಿ. ನೋವು ಬಂದರೆ ಲವಂಗ, ತಡೆಯಲಾಗದಿದ್ದರೆ ಕೀಳಿಸುವುದು. ಹಿರಿಯರಲ್ಲಿ ಇದ್ದಿಲು, ಉಪ್ಪು ತಿಕ್ಕಿ ಹಲ್ಲಿನ ಮೇಲ್ಪದರವನ್ನೇ ಸವೆಸಿಕೊಂಡವರಿದ್ದಾರೆ. ಊಟದ ಮೇಲೆ ಎಲೆ ಅಡಿಕೆ, ಕೆಲವರಿಗೆ ಕಡ್ಡಿಪುಡಿ. ಮಂಡ್ಯ ಜಿಲ್ಲೆಯ ಮನೆಗಳಲ್ಲಿ ಬೆಲ್ಲಕ್ಕೇನು ಬರವೇ? ಮಿಸ್ವಾಕ್ ಒಳ್ಳೆಯದೇ, ಆದರೆ ಅದರ ಜೊತೆಗೆ ಫ್ಲೋರೈಡ್ ಇರುವ ಪೇಸ್ಟೂ ಇರಲಿ, ರಾತ್ರಿ ಮಲಗುವ ಮುನ್ನವಂತೂ ತಪ್ಪದಿರಲಿ. ಉಜ್ಜಿದ ಮೇಲೆ ಉಗುಳಿದರೆ ಸಾಕು, ನೀರು ತುಂಬಿ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ರಮಝಾನಿನಲ್ಲಿ ಸಹರಿ ಮುಗಿಸಿ ಹಾಗೆಯೇ ಒರಗುವ ಅಭ್ಯಾಸ ಹಲ್ಲಿಗೆ ಬಹಳ ಕೆಟ್ಟದ್ದು. ಸಕ್ಕರೆ ಕಾಯಿಲೆ ಇರುವವರು ಒಸಡಿನ ರಕ್ತವನ್ನು ಹಗುರವಾಗಿ ಕಾಣಬಾರದು. ಸುಲಭ ವೆಚ್ಚದಲ್ಲಿ ತೋರಿಸಿಕೊಳ್ಳಲು ಮೈಸೂರಿನ ಫಾರೂಕಿಯಾ, ಜೆ.ಎಸ್.ಎಸ್. ದಂತ ಕಾಲೇಜುಗಳಿವೆ.

ತಾಯಂದಿರಿಗೆ ಇನ್ನೊಂದು ಮಾತು. ಮಗು ದಿನಾ ಗೊರಕೆ ಹೊಡೆದರೆ, ಬಾಯಿ ತೆರೆದೇ ಮಲಗಿದರೆ ಅದು ಗಾಢ ನಿದ್ದೆಯ ಗುರುತಲ್ಲ. ಟಾನ್ಸಿಲ್, ಅಡಿನಾಯ್ಡ್ ದಪ್ಪವಾಗಿರಬಹುದು. ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಿ. ನಾಗಮಂಗಲ ತಾಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಹತ್ತಿರವೇ ಇದೆ.

ಖಾಲಾ ಈಗ ಬೈದುಕೊಂಡೇ ಯಂತ್ರ ಹಾಕಿಕೊಳ್ಳುತ್ತಾರೆ. ಬಿ.ಪಿ. ಇಳಿಯುತ್ತಿದೆ. ಪ್ಲೇಟ್ ಸಿಕ್ಕಿದ್ದು ಕೆ.ಆರ್. ಪೇಟೆಯ ಭಾವನಿಗೆ. ಬೆಲ್ಲದ ಲೋಡ್ ಹೊತ್ತ ಲಾರಿಯಲ್ಲಿ ಹಗಲಲ್ಲೇ ತೂಕಡಿಸುತ್ತಿದ್ದವರನ್ನು ಖಾಲಾ ತಾವೇ ಒತ್ತಾಯಿಸಿ ಪರೀಕ್ಷೆಗೆ ಕಳಿಸಿದರು. ಗಂಟೆಗೆ 19 ಸಲ. ಹಲ್ಲುಗಳು ಗಟ್ಟಿಯಿದ್ದವು. ಮೊದಲ ವಾರ ಜೊಲ್ಲು, ಬೆಳಿಗ್ಗೆ ದವಡೆ ಬಿಗಿತ ಇತ್ತು, ಈಗ ಒಗ್ಗಿದೆ. ಕಚ್ಚುವ ಹೊಂದಿಕೆ ವರ್ಷಗಳಲ್ಲಿ ಬದಲಾಗಬಹುದಾದ್ದರಿಂದ ಆಗಾಗ ಡಾಕ್ಟರಿಗೆ ತೋರಿಸಬೇಕು. ಪ್ಲೇಟ್ ಹಾಕಿಕೊಂಡೇ ಮತ್ತೊಮ್ಮೆ ನಿದ್ದೆಯ ಪರೀಕ್ಷೆಯೂ ಆಗಬೇಕು, ಅದು ಬರುವ ತಿಂಗಳು. ಅದನ್ನು ಬ್ರಷ್‌ನಿಂದ ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಆಪಾ ಅದನ್ನು ಹಾಲಿನ ಪಾತ್ರೆಯಂತೆ ಕುದಿಯುವ ನೀರಿಗೆ ಹಾಕಹೊರಟಿದ್ದಳು. ಭಾವ ಓಡಿಬಂದು ಕೈಯಿಂದ ಕಿತ್ತುಕೊಂಡರಂತೆ.