ಮಂದಿಗೆ ಬರುವ ವಾಸನೆ

ಕೆನಡಾದಲ್ಲಿ 2018ರಿಂದ ಗಾಂಜಾ ಮಾರಾಟಕ್ಕೆ ಕಾನೂನಿನ ಒಪ್ಪಿಗೆಯಿದೆ. ಅಲ್ಲಿನ ಅಂಗಡಿಗಳು ಒಂದೊಂದು ತಳಿಯ ಪರಿಮಳವನ್ನೂ ಬಣ್ಣಿಸುತ್ತವೆ: ಲ್ಯಾವೆಂಡರ್, ನಿಂಬೆ, ಗುಲಾಬಿ. ಕನ್ನಡದ ವಾಸನೆ ಪದಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಬಣ್ಣನೆಗಳನ್ನು ಓದುವುದೇ ಒಂದು ಕುತೂಹಲ.

ಅವು ಪೂರ್ತಿ ಸುಳ್ಳಲ್ಲ. ಗಾಂಜಾದ ಹೆಣ್ಣುಹೂವಿನ ಅಂಟು ರೋಮಗಳಲ್ಲಿ ಟರ್ಪೀನ್‌ಗಳೆಂಬ ಸುಗಂಧ ದ್ರವ್ಯಗಳಿವೆ. ಅವುಗಳಲ್ಲೊಂದು ಲಿನಲೂಲ್. ಮಲ್ಲಿಗೆಯಲ್ಲೂ ಕೊತ್ತಂಬರಿ ಕಾಳಿನಲ್ಲೂ ಇರುವುದು ಇದೇ. ಮುಡಿಯಲ್ಲಿದ್ದರೆ ಅದು ಕಂಪು, ಮಸಾಲೆ ಹುರಿಯುವಾಗ ಘಮ, ಗಾಂಜಾದಲ್ಲಿ ಮಾತ್ರ ನಾತ. ಆ ಹೂವಿನಲ್ಲಿ ಮೂಗಿಗೆ ರಾಚುವ ಗಂಧಕದ ಸಂಯುಕ್ತಗಳೂ ಇವೆಯೆಂದು 2021ರ ಅಧ್ಯಯನವೊಂದು ತೋರಿಸಿತು. ಅಂಗಡಿಯವರು ಲಿನಲೂಲ್ ಆರಿಸಿಕೊಂಡರು, ನಾವು ಗಂಧಕವನ್ನು. ನಮ್ಮ 1985ರ ಕಾಯ್ದೆಯೂ ಗಾಂಜಾ ಎಂದು ಹೆಸರಿಸುವುದು ಹೂಬಿಟ್ಟ ತುದಿಯನ್ನೇ. ಬರೀ ಎಲೆ ಆ ಹೆಸರಿನೊಳಗೆ ಬರುವುದಿಲ್ಲ.

ನಮ್ಮ ನಿಪ್ಪಾಣಿಯದು ತಿರುಗುಮುರುಗು. ಇಲ್ಲಿ ಹೂವಿಗೆ ಬೆಲೆಯಿಲ್ಲ. ಎಲೆ ದಪ್ಪವಾಗಲೆಂದು ತಂಬಾಕಿನ ಹೂಗುಡಿಯನ್ನು ಚಿವುಟಿ ಎಸೆಯುತ್ತಾರೆ. ಬೀಡಿ ತಂಬಾಕಿನಿಂದ ಬೆಳೆದ ಊರಿದು. ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ಹೆದ್ದಾರಿಗೆ ಇಳಿದ ರೈತರಲ್ಲಿ ಹಲವರು ಪೊಲೀಸರ ಗೋಲಿಬಾರಿಗೆ ಬಲಿಯಾದರು. ತಂಬಾಕು ಕಾನೂನಿನೊಳಗಿನ ಬೆಳೆ. ಅದಕ್ಕೂ ಸೊಗಸಾದ ಮಾತುಗಳಿವೆ. ಪೈಪ್ ತಂಬಾಕಿನ ಡಬ್ಬಿಗಳ ಮೇಲೆ ಚೆರ್ರಿ, ವೆನಿಲಾ ಎಂದಿರುತ್ತದೆ.

ನನ್ನ ಚಿಗವ್ವ ಇಪ್ಪತ್ತು ವರ್ಷದಿಂದ ತಂಬಾಕಿನ ವಖಾರದಲ್ಲಿ ಜರಡಿ ಹಿಡಿಯುತ್ತಾಳೆ. ಸಂಜೆ ಚಿಕ್ಕೋಡಿ ಬಸ್ಸಿನಲ್ಲಿ ಅವಳು ಕೂತರೆ ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯತ್ತ ಸರಿಯುತ್ತಾರೆ. ತಂಬಾಕಿನ ವಾಸನೆಗೆ ನೀವೆಲ್ಲ ಏನಂತೀರಿ ಎಂದು ಕೇಳಿದೆ. ಘಾಟು, ಕಮಟು, ಖಾರ, ಇಂಥದ್ದೇನಾದರೂ ಸಿಕ್ಕೀತೆಂದು ವಹಿ ಬಿಚ್ಚಿಟ್ಟುಕೊಂಡಿದ್ದೆ.

"ನನಗ ವಾಸನಿ ಬರೂದ ಇಲ್ಲ. ಮಂದಿಗೆ ಬರತೈತಿ," ಅಂದಳು. ಆಮೇಲೆ, "ಮಲ್ಲಿಗಿ ಮುಡಕೊಂಡ್ರೂ ಅಷ್ಟ," ಎಂದು ನಕ್ಕಳು.

ವಾಸನೆಯ ಪದಗಳನ್ನು ಕಟ್ಟಿದವರು ಹೆಚ್ಚಾಗಿ ಮೂಸುವವರು. ಕೊಳ್ಳುವವನಿಗೆ ಅದು ಆಯ್ಕೆ, ಬಸ್ಸಿನವರಿಗೆ ಕಿರಿಕಿರಿ. ದಿನವಿಡೀ ಆ ಪುಡಿಯಲ್ಲೇ ಉಸಿರಾಡುವವಳಿಗೆ ಅದು ಬರೀ ಗಾಳಿ. ಸರಿದು ಕೂತವರ ಮುಖದಿಂದಲೇ ಅವಳು ತನ್ನ ವಾಸನೆಯನ್ನು ತಿಳಿಯಬೇಕು. ನಿಘಂಟಿನಲ್ಲಿ ಇದಕ್ಕೊಂದು ಪದ ನನಗಿನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅವಳ ಮಾತನ್ನೇ ಪಟ್ಟಿಗೆ ಸೇರಿಸಿದ್ದೇನೆ.