ತಿರುಗುತ್ತದೆ, ಬಿಸಿಯಾಗುವುದಿಲ್ಲ

1
ಡಲ್ಲಾಸ್, ಜುಲೈ. ಬಟ್ಟೆ ಒಣಗಿಸುವ ಡ್ರೈಯರ್ ಒಂದು ತಾಸು ತಿರುಗಿತು. ತೆಗೆದು ನೋಡಿದರೆ ಟವೆಲ್ ಹಸಿ. ಡ್ರಮ್ ತಿರುಗುತ್ತದೆ, ಒಳಗೆ ದೀಪ ಹತ್ತುತ್ತದೆ, ಮುಗಿದಾಗ ಗಂಟೆ ಹೊಡೆಯುತ್ತದೆ. ಬಿಸಿ ಇಲ್ಲ.

2
ಮೊದಲು ಜಾಳಿಗೆ. ಅದರಲ್ಲಿ ಕೂತ ನಾರು ಅರಳೆಯ ಹಾಗಿದೆ. ಬಿಳಿ ಅಂಗಿ, ನೀಲಿ ಜೀನ್ಸ್, ಕೆಂಪು ಲುಂಗಿ ಹಾಕಿದ್ದೆವು. ಬಂದದ್ದು ಬೂದಿ ಬಣ್ಣ.

3
ಆಮೇಲೆ ಗೋಡೆಯಿಂದ ಹೊರಗೆ ಹೋಗುವ ನಾಲ್ಕು ಇಂಚಿನ ಕೊಳವೆ. ಅಲ್ಲೂ ನಾರು. ಅದು ಕಟ್ಟಿಕೊಂಡರೆ ಬಿಸಿಗಾಳಿ ಹೊರಗೆ ಹೋಗುವುದಿಲ್ಲ. ಅಮೆರಿಕದ ಸರ್ಕಾರಿ ಅಗ್ನಿಶಾಮಕ ಲೆಕ್ಕದಲ್ಲಿ, 2008ರಿಂದ 2010ರವರೆಗೆ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ. ಮೊದಲ ಕಾರಣ, ಶುಚಿ ಮಾಡದಿರುವುದು.

4
ಥರ್ಮಲ್ ಫ್ಯೂಸ್ ಬೆರಳಿನಷ್ಟಿದೆ. ಬಿಸಿ ಮಿತಿ ಮೀರಿದರೆ ತಾನೇ ಸುಟ್ಟು ಮನೆ ಉಳಿಸುತ್ತದೆ. ಮತ್ತೆ ಕೂಡಿಸಲು ಬರುವುದಿಲ್ಲ, ಹೊಸದೇ ಹಾಕಬೇಕು. ಪ್ಲಗ್ ಕಿತ್ತು ಮೀಟರ್ ಹಿಡಿದೆ. ಬೀಪ್ ಅಂದಿತು. ಸುಟ್ಟಿಲ್ಲ.

5
ಹೀಟರಿನ ಸುರುಳಿ ತಂತಿ: ಮೀಟರಿನಲ್ಲಿ 11 ಓಮ್. ತುಂಡಾಗಿಲ್ಲ.

6
ಎಲ್ಲ ಸರಿಯಿದೆ. ಬಿಸಿ ಇಲ್ಲ.

7
ಹೀಟರ್ ಮೇಲೆ ಬರೆದದ್ದು 5,400 ವ್ಯಾಟ್. ನಮ್ಮೂರು ಗುರುಗುಂಟಾದ ಹೊಲದ ಮೋಟಾರ್ 5 ಎಚ್‌ಪಿ. ಅಂದರೆ ಸುಮಾರು 3,700 ವ್ಯಾಟ್.

8
ಇಲ್ಲಿ ಸಂಜೆ ಏಳು, ಊರಲ್ಲಿ ಮುಂಜಾನೆ ಐದೂವರೆ. ಅಪ್ಪ ಹೊಲದಲ್ಲಿ, ಮೋಟಾರ್ ಹತ್ತಿರ. ಫೋನಿನಲ್ಲಿ ಹೇಳಿದೆ.
“ತಿರಗತೈತೇನು?”
“ತಿರಗತೈತಿ.”
“ಲೈಟ್ ಹತ್ತತೈತಿ?”
“ಹತ್ತತೈತಿ.”
“ಒಂದ್ ಫೇಸ್ ಹೋಗಿರಬೇಕು ನೋಡಪಾ.”
ಅಪ್ಪ ಡ್ರೈಯರ್ ನೋಡಿಲ್ಲ.

9
ಅಪ್ಪನ ಸ್ಟಾರ್ಟರ್ ಡಬ್ಬಿಯ ಮೇಲೆ ಮೂರು ದೀಪ: ಕೆಂಪು, ಹಳದಿ, ನೀಲಿ. ಮೂರೂ ಹತ್ತಿದರೆ ಮಾತ್ರ ಬಟನ್ ಒತ್ತುತ್ತಾನೆ. ಡ್ರೈಯರಿನಲ್ಲಿ ಹದಿನಾಲ್ಕು ಬಟನ್ ಎಣಿಸಿದೆ. ಕರೆಂಟ್ ಪೂರಾ ಬಂದಿದೆಯೇ ಎಂದು ಹೇಳುವ ದೀಪ ಒಂದೂ ಇಲ್ಲ.

10
ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ನಮ್ಮ ರಾಯಚೂರು ಜಿಲ್ಲೆಯದೇ. 1985ರಿಂದ ಕಲ್ಲಿದ್ದಲು ಉರಿಸುತ್ತಿದೆ. ಆದರೂ ಹೊಲಕ್ಕೆ ತ್ರೀ ಫೇಸ್ ದಿನಕ್ಕೆ ಏಳು ತಾಸು ಎಂಬುದು ಸರ್ಕಾರದ ಲೆಕ್ಕ. ಉಳಿದ ಹೊತ್ತು ಅಪ್ಪ ಕಾಯುತ್ತಾನೆ. ಕಾಯುತ್ತಾ ಕಲಿತದ್ದು ಎಷ್ಟೋ.

11
ಅಮೆರಿಕದ ಮನೆಗೆ ಎರಡು ತಂತಿಯಲ್ಲಿ 120 ವೋಲ್ಟ್ ಬರುತ್ತದೆ. ಎರಡರ ನಡುವೆ 240. ಡ್ರೈಯರಿನ ಮೋಟಾರಿಗೆ 120 ಸಾಕು. ಹೀಟರಿಗೆ 240 ಬೇಕು. ಮೋಟಾರಿಗೆ ಬೇಡದ ತಂತಿ ಸತ್ತರೆ ಡ್ರಮ್ ತಿರುಗುತ್ತಲೇ ಇರುತ್ತದೆ.

12
ಆ ತಂತಿಗೆ ಇಲ್ಲಿಯವರು ‘ಲೆಗ್’ ಅನ್ನುತ್ತಾರೆ. ಕಾಲು. ಅಪ್ಪ ಅನ್ನುವುದು ‘ಫೇಸ್’. ಕಿವಿಗೆ ಅದು ಮುಖ.

13
ಎಲೆಕ್ಟ್ರಿಷಿಯನ್ ಬಂದ. ಜೋಡಿ ಬ್ರೇಕರಿಗೆ ಮೀಟರ್ ಹಿಡಿದ. ಒಂದು ಕಡೆ 120, ಇನ್ನೊಂದು ಕಡೆ 0. ಹೊರಗಿನಿಂದ ನೋಡಿದರೆ ಎರಡೂ ಆನ್. ಬ್ರೇಕರ್ ಬದಲಿಸಲು ಇಪ್ಪತ್ತು ನಿಮಿಷ.

14
ಗುರುಗುಂಟಾದಲ್ಲಿ ಒಂದು ಫೇಸ್ ಇಲ್ಲದಾಗ ಬಟನ್ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ. ತಿರುಗುವುದಿಲ್ಲ, ಬಿಸಿಯಾಗುತ್ತದೆ, ಬಿಟ್ಟರೆ ಸುಡುತ್ತದೆ.
ಇಲ್ಲಿ ತಿರುಗುತ್ತದೆ, ಬಿಸಿಯಾಗುವುದಿಲ್ಲ.

15
ಅಪ್ಪನ ಕೈಯಿಂದ ಅವ್ವ ಫೋನ್ ಇಸಕೊಂಡಳು. “ಅಲ್ಲೇನು ಬಿಸಲು ಬೀಳಂಗಿಲ್ಲೇನು?”
ಬೀಳುತ್ತದೆ. ಆದರೆ ನಮ್ಮ ಕಾಲೊನಿಯ ನಿಯಮದ ಪುಸ್ತಕದಲ್ಲಿ, ಬಟ್ಟೆ ಹೊರಗೆ ಕಾಣುವಂತೆ ಹರವಬಾರದು ಎಂದಿದೆ. ಅವ್ವನಿಗೆ ಅದನ್ನು ಹೇಳಲಿಲ್ಲ.

16
ಬ್ರೇಕರ್ ಬದಲಾದ ದಿನ ಹೊರಗೆ 104 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 40. ಟವೆಲ್ ಒಳಗೆ, ಡ್ರೈಯರಿನಲ್ಲಿ, 50 ನಿಮಿಷಕ್ಕೆ ಒಣಗಿತು.