ನೆರೆಮನೆಯ ಕೀಲಿಕೈ

ಎಳೆದರೆ ತಾನೇ ಬೀಳುವ ಬೀಗವನ್ನು ಬಾಗಿಲಿಗೆ ಹಚ್ಚಿಸಿಕೊಂಡು, ಕೀಲಿಕೈಯನ್ನು ಒಳಗಿನ ಗೂಟದಲ್ಲಿಯೇ ಮರೆತು, ಮೆಟ್ಟಿಲ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಕುಳಿತ ಗೃಹಸ್ಥರು ಪ್ರತಿಯೊಂದು ಓಣಿಯಲ್ಲಿಯೂ ಒಬ್ಬರಾದರೂ ಇರುತ್ತಾರೆ. ಆದರೆ ತನ್ನ ಮನೆಯಲ್ಲಿ ಬೆಚ್ಚಗೆ ಕುಳಿತುಕೊಂಡೇ, ಸುಮಾರು 25 ಕಿಲೋಮೀಟರು ಆಚೆಯ ಬಾಗಿಲೊಂದನ್ನು ಹಾಕಿಕೊಂಡುಬಿಡುವ ಭಾಗ್ಯ ಎಲ್ಲರಿಗೂ ಬರುವಂಥದಲ್ಲ. ಬೆಳಗಾವಿಯ ತಿಲಕವಾಡಿಯಲ್ಲಿರುವ ತರುಣ ಎಂಜಿನಿಯರನೊಬ್ಬನಿಗೆ ಈಚಿನ ಒಂದು ಆಷಾಢದ ರಾತ್ರಿ ಅದು ಬಂದಿತು.

ಪತ್ತಿನ ಸಹಕಾರಿ ಸಂಘವೊಂದರ ಶಾಖೆಗಳ ನೆಟ್‌ವರ್ಕನ್ನು ನೋಡಿಕೊಳ್ಳುವುದು ಆತನ ಉದ್ಯೋಗ. ಲೆಕ್ಕಪತ್ರವೆಲ್ಲ ಇರುವುದು ಬೆಳಗಾವಿಯ ಪ್ರಧಾನ ಕಚೇರಿಯ ಗಣಕಯಂತ್ರದಲ್ಲಿ. ಖಾನಾಪುರದ ಶಾಖೆಯಲ್ಲಿರುವುದು ರೂಟರ್ ಎಂಬ ಒಂದು ಸಣ್ಣ ಪೆಟ್ಟಿಗೆ. ಊರ ನಾಕಾದಲ್ಲಿ ನಿಂತ ಪೋಲೀಸನಂತೆ ಅದು ಬಂದ ಸಂದೇಶಕ್ಕೆ ದಾರಿ ತೋರಿಸುತ್ತದೆ, ಬೇಡದ್ದನ್ನು ತಡೆಯುತ್ತದೆ. ನಡುವೆ ನೆಲದೊಳಗೆ ಹಾಸಿದ ಗಾಜಿನ ಎಳೆಯ ಫೈಬರ್ ಕೇಬಲ್. ಶಾಖೆಯ ವ್ಯವಹಾರ ಹರಿಯುವುದು ಈ ದಾರಿಯಲ್ಲಿ. ತರುಣನು ಮನೆಯಿಂದ ಆ ಪೆಟ್ಟಿಗೆಗೆ ಅಪ್ಪಣೆ ಕೊಡುವುದೂ ಈ ದಾರಿಯಲ್ಲಿಯೇ. ಕಷ್ಟವಿರುವುದೆಲ್ಲ ಈ ಕಡೆಯ ಮಾತಿನಲ್ಲಿ!

ಅಂದು ಊಟ ಮುಗಿಸಿ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಖಾನಾಪುರದ ಪೆಟ್ಟಿಗೆಯಲ್ಲಿ ಒಂದು ನಿಯಮವನ್ನು ತಿದ್ದಹೋದ. ಬೇಡದವರನ್ನು ತಡೆಯಬೇಕಾದ ಸಾಲು ಬೆಳಗಾವಿಯಿಂದ ಬರುವ ಸಕಲರನ್ನೂ ತಡೆಯಿತು, ಬರೆದವನನ್ನೂ ತಡೆಯಿತು. ತೆರೆ ಸ್ತಬ್ಧವಾಯಿತು. ತಾನು ಕುಳಿತ ಕೊಂಬೆಯನ್ನು ತಾನೇ ಕಡಿದದ್ದು ಆತನಿಗೆ ತಿಳಿಯಲು ಅರ್ಧ ನಿಮಿಷ ಬೇಕಾಯಿತು.

“ಏನಾತ್ರೀ?” ಎಂದಳು ಹೆಂಡತಿ.

“ಖಾನಾಪುರದ ಬಾಗಲಾ ಹಾಕ್ಕೊಂಡ ಬಿಟ್ಟೇನಿ. ಕೀಲಿಕೈ ಒಳಗ ಉಳದೈತಿ.”

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ತಾಯಿ ತಲೆಯೆತ್ತಿ, “ಇನ್ನೊಂದ ಕೀಲಿಕೈ ಬಾಜೂಮನ್ಯಾಗ ಕೊಟ್ಟಿಲ್ಲೇನೋ ತಮ್ಮಾ?” ಎಂದು ಕೇಳಿದರು.

ತಮ್ಮನು ಉತ್ತರ ಕೊಡಲಿಲ್ಲ. ಗೂಟದಲ್ಲಿದ್ದ ಮಳೆಯಂಗಿಗೆ ಕೈಹಾಕಿದ.

ಬೆಳಗಿನವರೆಗೆ ಕಾದರೆ ಆಗುತ್ತಿರಲಿಲ್ಲವೆ? ಬೇರೆ ದಿನವಾಗಿದ್ದರೆ ಕಾಯುತ್ತಿದ್ದನೇನೋ. ಆದರೆ ಭತ್ತದ ನಾಟಿಯ ಕಾಲವದು. ಜಾಂಬೋಟಿ, ಕಣಕುಂಬಿಗಳ ಕಡೆಯ ರೈತರು ಗೊಬ್ಬರದ ಹಣಕ್ಕೆಂದು ಮೊದಲ ಬಸ್ಸು ಹಿಡಿದು ಬರುವವರಿದ್ದರು. ಎರಡು ವಾರಗಳ ಹಿಂದೆ ರಸ್ತೆ ಅಗೆಯುವ ಜೆಸಿಬಿ ಕೇಬಲನ್ನು ಹರಿದಾಗ ಆತ ಖಾನಾಪುರದಲ್ಲಿಯೇ ಇದ್ದ. ಗಂಡನನ್ನು ಆಸ್ಪತ್ರೆಗೆ ಸೇರಿಸಿ, ತನ್ನದೇ ಠೇವಣಿಯ ಹಣಕ್ಕಾಗಿ ಬಂದ ಮುದುಕಿಯೊಬ್ಬಳು ಶಾಖೆಯ ಬಾಕಿನ ಮೇಲೆ ಸಂಜೆಯತನಕ ಕುಳಿತಿದ್ದಳು. “ಸಿಸ್ಟಿಮ್ ಬಂದ್ ಐತಿ, ಆಯೀ” ಎಂದು ಗುಮಾಸ್ತನು ಮೂರು ಸಲ ಹೇಳಿದ. ಸಿಸ್ಟಿಮ್ ಎಂಬ ಸಾಹೇಬರು ಯಾರೋ ರಜೆಯ ಮೇಲಿದ್ದಾರೆಂದು ಅವಳು ಭಾವಿಸಿದಂತಿತ್ತು. ಯಾವಾಗ ಬರುತ್ತಾರೆಂದು ಕೇಳಿ, ಕಡೆಗೆ ಬರಿಗೈಯಲ್ಲಿ ಎದ್ದುಹೋದಳು. ಅಂದಿನದು ಜೆಸಿಬಿಯ ತಪ್ಪು. ಇಂದಿನದು ಯಾರದೆಂದು ಹೇಳಬೇಕಾಗಿರಲಿಲ್ಲ.

ಪೀರನವಾಡಿ, ಮಚ್ಛೆ, ದೇಸೂರು—ಮಳೆಯ ಕತ್ತಲೆಯಲ್ಲಿ ಊರುಗಳು ಒಂದೊಂದು ದೀಪವಾಗಿ ಬಂದು ಹಿಂದೆ ಸರಿದವು. ಖಾನಾಪುರ ಮುಟ್ಟಿದಾಗ ಮಧ್ಯರಾತ್ರಿ ಸಮೀಪಿಸಿತ್ತು. ಕಾವಲುಗಾರ ಕಾಕಾ ಶಟರ್ ಎತ್ತಿ, ಏನೊಂದೂ ಕೇಳದೆ ಚಹಕ್ಕೆ ನೀರಿಟ್ಟ. ರೂಟರಿಗೆ ಕನ್ಸೋಲ್ ಎಂಬ ಹಿತ್ತಲ ಬಾಗಿಲೊಂದಿರುತ್ತದೆ. ನೆಟ್‌ವರ್ಕು ಸತ್ತರೂ ಅದು ಸಾಯುವುದಿಲ್ಲ, ಆದರೆ ಅದರ ತಂತಿಯನ್ನು ಎದುರಿಗೆ ಕುಳಿತೇ ಜೋಡಿಸಬೇಕು. ತರುಣನು ಜೋಡಿಸಿದ, ತಪ್ಪಿದ ಸಾಲನ್ನು ಅಳಿಸಿದ. ಚಹದ ನೀರು ಇನ್ನೂ ಕುದಿದಿರಲಿಲ್ಲ.

ತಾಯಿಯ ಪ್ರಶ್ನೆ ಹಿಂದಿರುಗುವ ದಾರಿಯುದ್ದಕ್ಕೂ ಬೆನ್ನುಹತ್ತಿ ಬಂದಿತು. ಬಾಜೂಮನೆಯ ಕೀಲಿಕೈ! ಅದಕ್ಕೆ ಬೇಕಾದುದಾದರೂ ಎಷ್ಟು? ಆ ಹಿತ್ತಲ ಬಾಗಿಲಿಗೆ ಶಾಶ್ವತವಾಗಿ ಒಂದು ಪುಟ್ಟ ಮೋಡೆಮ್ ಕಟ್ಟಿ, ಅದರಲ್ಲೊಂದು ಸಿಮ್ ಕಾರ್ಡು ಹಾಕಿದರೆ, ನೆಲದ ಕೇಬಲ್ ಹರಿದಾಗ ಮೊಬೈಲಿನ ಗಾಳಿದಾರಿಯಿಂದ ಒಳಹೋಗಬಹುದು. ಅಕ್ಷರಗಳನ್ನಷ್ಟೇ ಕಳಿಸುವ ಕೆಲಸ. ಕನ್ಸೋಲಿನ ಸಾಮಾನ್ಯ ವೇಗವೇ ಸೆಕೆಂಡಿಗೆ 9600 ಬಿಟ್. ಇಂದಿನ ಮೊಬೈಲಿಗೆ ಅದು ಹೂವಿನ ಭಾರ.

ದೊಡ್ಡವರು ಎಡವಿದ್ದೂ ಇಲ್ಲಿಯೇ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಿಂದ ಮರೆಯಾದದ್ದನ್ನು, ಅಂದು ಗುಡ್ ನೈಟ್ ಸಂದೇಶ ಕಳಿಸಲಾಗದೆ ಮಲಗಿದವರೆಲ್ಲ ಬಲ್ಲರು. ಪಾಲನೆಯ ಕಾಲದ ಒಂದು ಅಪ್ಪಣೆ ಕಂಪೆನಿಯ ಕೇಂದ್ರಗಳನ್ನು ಜೋಡಿಸುವ ಜಾಲವನ್ನೇ ಕೆಡವಿತು. ಆಪತ್ಕಾಲದ ಪ್ರತ್ಯೇಕ ದಾರಿಯೂ ಅದರೊಡನೆ ಬಿದ್ದಿತು. ಎಂಜಿನಿಯರುಗಳು ಯಂತ್ರಗಳಿದ್ದಲ್ಲಿಗೇ ಓಡಬೇಕಾಯಿತು. ಮರುವರ್ಷ, 2022ರ ಜುಲೈ 8ರಂದು, ಕೆನಡಾದ ರೋಜರ್ಸ್ ಕಂಪೆನಿಯ ಜಾಲ ಕುಸಿದು ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗಿರಾಕಿಗಳು ಮೂಕರಾದರು. ರಿಪೇರಿಯವರು ಒಳಹೋಗಬೇಕಾದ ದಾರಿಯು ಕುಸಿದ ಆ ಜಾಲದ ಮೇಲೆಯೇ ನಿಂತಿತ್ತು. ತಪ್ಪೇನೆಂದು ಹುಡುಕುವುದಕ್ಕೇ ಹದಿನಾಲ್ಕು ಗಂಟೆಗಳಾದವು. ಎರಡನೆಯ ಕೀಲಿಕೈ ಎರಡೂ ಕಡೆ ಇತ್ತು. ಅದನ್ನೂ ಅದೇ ಮನೆಯೊಳಗೆ ಇಟ್ಟಿದ್ದರು, ಅಷ್ಟೆ.

ಇದನ್ನೆಲ್ಲ ಓದಿ ತಿಳಿದಿದ್ದ ತರುಣನೂ ಮೊದಲ ಸಲ ಅದನ್ನೇ ಮಾಡಿದನೆಂಬುದು ವಿನೋದ. ಕೇಬಲಿನ ಕಂಪೆನಿಯದೇ ಸಿಮ್ ಸುಲಭವಾಗಿ ಸಿಕ್ಕಿತೆಂದು ಅದನ್ನೇ ಹಾಕಿದ. ಜೆಸಿಬಿ ಮತ್ತೊಮ್ಮೆ ಬಂದಾಗ ಕೇಬಲೂ ಹೋಯಿತು, ಸಿಮ್ಮೂ ಹೋಯಿತು. ಊರ ಆ ಮೊಬೈಲ್ ಗೋಪುರ ಉಸಿರಾಡುತ್ತಿದ್ದುದು ಅದೇ ಕೇಬಲಿನಿಂದ. ಬೇರೆ ಕಂಪೆನಿಯ ಸಿಮ್ ತಂದ. ಆದರೆ ಹೆಸರು ಬೇರೆಯಾದ ಮಾತ್ರಕ್ಕೆ ದಾರಿ ಬೇರೆಯಾಗಿರಬೇಕಿಲ್ಲ. ಒಂದೇ ಗೋಪುರದ ಮೇಲೆ ಇಬ್ಬರ ಆಂಟೆನಾ ಇರುವುದುಂಟು. ಆದುದರಿಂದ ಒಂದು ಭಾನುವಾರ ಊರೆಲ್ಲ ತಿರುಗಿ, ಯಾವ ಗೋಪುರ ಯಾರದು, ಅದಕ್ಕೆ ಸಂಪರ್ಕ ಯಾವ ಕಡೆಯಿಂದ ಎಂದು ವಿಚಾರಿಸಿದ. ಮಲಪ್ರಭೆಯ ದಂಡೆಗೆ ಹೋದವನು ಹೊಳೆಯನ್ನು ನೋಡದೆ ಕಂಬಗಳನ್ನು ಎಣಿಸಿ ಬಂದನೆಂದು ಹೆಂಡತಿಯ ದೂರು.

ಮುಂದಿನ ತೊಡಕು ವಿಳಾಸದ್ದು. ಮೊಬೈಲ್ ಕಂಪೆನಿಗಳು ಸಾಧಾರಣವಾಗಿ ನೂರಾರು ಸಿಮ್ಮುಗಳನ್ನು ಒಂದೇ ಬಾಹ್ಯ ವಿಳಾಸದ ಮರೆಯಲ್ಲಿ ಇಡುತ್ತವೆ. ಹೊರಗಿನಿಂದ ಇಂಥದೊಂದನ್ನೇ ಕರೆಯುವಂತಿಲ್ಲ. ಹಾಸ್ಟೆಲಿನ ಹುಡುಗನು ಮನೆಗೆ ಫೋನು ಮಾಡಬಹುದು, ಮನೆಯವರು ಹಾಸ್ಟೆಲಿಗೆ ಮಾಡಿದರೆ ಯಾರೂ ಎತ್ತುವುದಿಲ್ಲ—ಹಾಗೆ. ಉಪಾಯವೆಂದರೆ ಹುಡುಗನಿಂದಲೇ ಕರೆ ಮಾಡಿಸಿ, ಅದನ್ನು ಇಳಿಸದೆ ಹಿಡಿದಿರುವುದು. ಖಾನಾಪುರದ ಮೋಡೆಮ್ ಈಗ ತಾನಾಗಿ ಬೆಳಗಾವಿಯ ಕಚೇರಿಗೆ ಗುಪ್ತಲಿಪಿಯ ಸುರಂಗವೊಂದನ್ನು ತೆರೆದು ಕಾಯುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಬಾಗಿಲ ಮೇಲಿನ ಪಟ್ಟಿಯಲ್ಲಿ ಕೀಲಿಕೈ ಬಚ್ಚಿಡುವವರ ಗುಟ್ಟು ಮೊದಲು ತಿಳಿಯುವುದು ಕಳ್ಳನಿಗೆ. ಹೊರಗಿನವರು ತಟ್ಟಲು ಬಾಗಿಲೇ ಇಲ್ಲದಿದ್ದರೆ ಆ ಭಯ ಅಷ್ಟಿಲ್ಲ. ವಿದ್ಯುತ್ತು ಹೋದರೂ ಉಳಿಯಲೆಂದು ಪ್ರತ್ಯೇಕ ಬ್ಯಾಟರಿ. ಖಾನಾಪುರದ ಮಳೆಗಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೀಗೆ ಎಲ್ಲವೂ ಸಿದ್ಧವಾಗಿ, ಕೆಲವು ತಿಂಗಳು ಹಾಯಾಗಿ ಕಳೆದವು. ಒಂದು ದಿನ ಸುಮ್ಮನೆ ಪರೀಕ್ಷಿಸಿದರೆ ಸಿಮ್ ಸತ್ತಿತ್ತು! ರೀಚಾರ್ಜ್ ತೀರಿದ್ದು ಯಾರಿಗೂ ತಿಳಿದಿರಲಿಲ್ಲ. ಬಳಸದ ಪ್ರೀಪೇಯ್ಡ್ ಸಿಮ್ಮನ್ನು 90 ದಿನಗಳ ಮೇಲೆ ಕಂಪೆನಿ ರದ್ದು ಮಾಡಬಹುದೆಂಬುದೂ ಆಗಲೇ ನೆನಪಾದದ್ದು. ಆಪತ್ತಿಗೆಂದು ಇಟ್ಟ ವಸ್ತುವಿನ ಗುಣವೇ ಅದು. ಅದರ ಸಾವು ಸದ್ದು ಮಾಡುವುದಿಲ್ಲ. ಅಂದಿನಿಂದ ಪ್ರತಿ ತಿಂಗಳ ಒಂದನೆಯ ತಾರೀಖು ರಾತ್ರಿ, ಬೇಕೆಂದೇ ಕೇಬಲಿನ ದಾರಿಯನ್ನು ನಿಲ್ಲಿಸಿ, ಗಾಳಿದಾರಿಯಿಂದ ಒಳಹೊಕ್ಕು ಬರುವ ವ್ರತ ಹಿಡಿದಿದ್ದಾನೆ. ಯಂತ್ರದಲ್ಲಿ ಏನನ್ನಾದರೂ ತಿದ್ದುವ ಮುನ್ನ, “ಹತ್ತು ನಿಮಿಷದಲ್ಲಿ ನನ್ನ ಸೊಲ್ಲು ಕೇಳದಿದ್ದರೆ ಹಳೆಯ ಸ್ಥಿತಿಗೆ ಮರಳು” ಎಂದು ಅದಕ್ಕೆ ಹೇಳಿಡುವುದನ್ನೂ ಕಲಿತಿದ್ದಾನೆ. ಆ ರಾತ್ರಿಯೇ ಹೀಗೆ ಹೇಳಿಟ್ಟಿದ್ದರೆ ಮಳೆಯಂಗಿ ಗೂಟದಲ್ಲಿಯೇ ಇರುತ್ತಿತ್ತು.

ಮರುವರ್ಷದ ಮಳೆಗಾಲದಲ್ಲಿ, ಒಂದು ಬೆಳಗಿನ ಜಾವ, ಖಾನಾಪುರ ಮತ್ತೆ ಮರೆಯಾಯಿತು. ತರುಣನು ಹಾಸಿಗೆಯ ಮೇಲೆ ಕುಳಿತೇ ಎರಡನೆಯ ದಾರಿಯನ್ನು ತಟ್ಟಿದ. ಅಕ್ಷರಗಳು ಒಂದೊಂದಾಗಿ, ನಿದ್ದೆಗಣ್ಣಿನಲ್ಲಿ ಬಂದಂತೆ ಬಂದವು, ಆದರೆ ಬಂದವು. ಪೆಟ್ಟಿಗೆ ಕ್ಷೇಮವಾಗಿತ್ತು, ಕೇಬಲ್ ಹರಿದಿತ್ತು. ಅತಿ ಅಗತ್ಯದ ಲೆಕ್ಕವನ್ನಷ್ಟೇ ಗಾಳಿದಾರಿಗೆ ಹೊರಳಿಸಿದ. ಮುದ್ರಣ ನಿಂತಿತು, ಚಿತ್ರ ನಿಂತಿತು, ಹಣ ಕೊಡುವುದು ನಿಲ್ಲಲಿಲ್ಲ. ಹತ್ತು ಗಂಟೆಗೆ ಶಟರ್ ಎತ್ತಿದಾಗ ಬಾಕಿನ ಮೇಲೆ ಕುಳಿತವರಿಗೆ ಏನಾಗಿತ್ತೆಂಬುದೂ ತಿಳಿಯಲಿಲ್ಲ.

ಜಾಂಬೋಟಿಯ ಶಾಖೆಯದು ಇನ್ನೂ ಉಳಿದಿದೆ. ಅಲ್ಲಿ ಮೊಬೈಲಿನ ಸಂಕೇತ ಸಿಗುವುದು ಹಿಂಬದಿಯ ಒಂದೇ ಕಿಟಕಿಯಲ್ಲಿ, ಅದೂ ಮಳೆ ಬಿಟ್ಟಾಗ. ಹಂಚಿನ ಮೇಲೆ ಕಂಬ ನಿಲ್ಲಿಸಿ ಆಂಟೆನಾ ಎತ್ತಬೇಕು. ಮಳೆ ನಿಂತ ಮೇಲೆ ಬರುವುದಾಗಿ ಬಡಿಗೇರ ಮಾತು ಕೊಟ್ಟಿದ್ದಾನೆ. ತಾಯಿ ಮಾತ್ರ ಒಂದನೆಯ ತಾರೀಖು ಬಂತೆಂದರೆ, “ಬಾಜೂಮನಿ ಕೀಲಿಕೈ ನೋಡಿದೇನೋ?” ಎಂದು ಕೇಳುವುದನ್ನು ಬಿಟ್ಟಿಲ್ಲ. ಅದು ಯಾರ ಮನೆಯೆಂದು ಅವರು ಈವರೆಗೆ ವಿಚಾರಿಸಿಲ್ಲ.